ನಿನಗೆಂದು ಕಾಯಿಸಿದ ನೀರು

ಮನೆಯಿಂದ, ಹಿತ್ತಿಲ ಕಡೆಯ ಕೋಣೆ
ಮಾರ್ಚ್ ಆರು, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಯಜಮಾನ್ತಿಗೆ,

ಹೇಗಿದ್ದೀಯ? ಭುಜದ ನೋವು ಕಡಿಮೆಯಾಯಿತಾ? ಕೈಯ ಬಲದಲ್ಲೇ ಮೈ ಎತ್ತಿ ಮಂಚದಿಂದ ಗಾಲಿಕುರ್ಚಿಗೆ ಜಾರುವುದನ್ನು ಕಲಿಸುತ್ತಿದ್ದಾರೆ, ಭುಜ ಸಿಡಿದುಹೋಗುತ್ತೆ ಅಂದಿದ್ದೆ. ವ್ಯಾಯಾಮ ಮಾಡಿಸುವ ಆ ಹುಡುಗಿಗೆ ಸ್ವಲ್ಪ ನಿಧಾನ ಮಾಡಮ್ಮ ಅಂತ ಹೇಳು, ನೀನು ಹೇಳುವುದಿಲ್ಲ, ಹಲ್ಲು ಕಚ್ಚಿಕೊಂಡು ಮಾಡುತ್ತೀಯ, ನನಗೆ ಗೊತ್ತು. ಪಕ್ಕದ ಮಂಚದ ಟೀಚರಮ್ಮ ಇನ್ನೂ ಗೊರಕೆಯಲ್ಲೇ ಪಾಠ ಮಾಡುತ್ತಾರಾ? ಊಟ ಸೇರುತ್ತಿದೆಯಾ? ಅಲ್ಲಿಯ ಸೂಪು ಬಟ್ಟೆ ಜಾಲಿಸಿದ ಎರಡನೇ ನೀರಿನ ಹಾಗಿರುತ್ತೆ ಅಂದಿದ್ದೆಯಲ್ಲ, ಆದರೂ ಕುಡಿ. ಫೋನಿನಲ್ಲಿ ನಾನು ಬರೀ ಹೂಂಗುಟ್ಟುತ್ತೇನೆ, ಬರೆದರೆ ಮಾತ್ರ ಬಾಯಿ ಬರುತ್ತೆ ಅಂತ ನೀನೇ ಬೈದಿದ್ದಕ್ಕೆ ಕಾಗದ ಹಿಡಿದು ಕೂತಿದ್ದೇನೆ. ನಾನು ಚೆನ್ನಾಗಿದ್ದೇನೆ ಅಂತ ಬರೆಯುವುದು ವಾಡಿಕೆ. ಬರೆದಿದ್ದೇನೆ ಅಂದುಕೋ.

ನಿಮ್ಮಮ್ಮನಿಗೆ ಕೆಮ್ಮು ವಾಸಿಯಾಗಿದೆ. ಕೆಮ್ಮು ಹೋಗಿದ್ದೇ ತಡ, ದನಿ ವಾಪಸ್ ಬಂದಿದೆ. ಅಳಿಯ ಅನ್ನೋ ಮರ್ಯಾದೆ ಪೂರ್ತಿ ಬಿಟ್ಟುಬಿಟ್ಟಿದ್ದಾರೆ, ಸಾಕ್ಸ್ ಎಲ್ಲೆಂದರಲ್ಲಿ ಬಿಸಾಡಿದರೆ ಬಸ್ಸು ನಿಲ್ಲಿಸುವ ಹಾಗೆ ಸೀಟಿ ಹೊಡೆದು ಕರೆಯುತ್ತಾರೆ. ನಿನ್ನ ಲಾಂಡ್ರಿಯ ಬಾಗಿಲು ನೀನು ಹೋದ ದಿನ ಎಳೆದದ್ದು, ಹಾಗೇ ಇದೆ. ಜನ ಮೊದಮೊದಲು ಬಂದು ತಟ್ಟುತ್ತಿದ್ದರು. ಒಬ್ಬೊಬ್ಬರ ಬಟ್ಟೆ ಹುಡುಕಿ ಕೊಟ್ಟೆ. ಈಗ ಯಾರೂ ತಟ್ಟುವುದಿಲ್ಲ. ಯಾರೂ ಬಂದು ಕೇಳದ ಒಂದು ಮದುಮಗನ ಕೋಟು ಮಾತ್ರ ಗೂಟದಲ್ಲಿ ನೇತಾಡುತ್ತಿದೆ. ಒಳಗೆ ಹೋದಾಗಲೆಲ್ಲ ಯಾರೋ ನಿಂತ ಹಾಗೆ ಕಂಡು ಬೆಚ್ಚಿ ನಿಲ್ಲುತ್ತೇನೆ, ಆಮೇಲೆ ಯಾರೂ ಅಲ್ಲ ಅಂತ ಗೊತ್ತಾಗಿ ಇನ್ನೂ ಬೇಜಾರಾಗುತ್ತೆ. ಬಸ್ಸು ಓಡಿಸುತ್ತಿರುವಷ್ಟು ಹೊತ್ತು ಪರವಾಗಿಲ್ಲ. ನಿಲ್ದಾಣ ಬಂತು, ನಿಲ್ಲಿಸು, ಬಾಗಿಲು ತೆಗೆ, ಹೊರಡು. ಮನೆಗೆ ಬಂದ ಮೇಲೆ ಮುಂದಿನ ನಿಲ್ದಾಣ ಯಾವುದು ಅಂತ ಯಾರೂ ಹೇಳುವುದಿಲ್ಲ ನೋಡು, ಅದೇ ಕಷ್ಟ.

ಇನ್ನು ಟಬ್ಬಿನ ಸುದ್ದಿ. ನಿನಗೆ ಚೂರುಚೂರಾಗಿ ಹೇಳಿದ್ದೇನೆ, ಇವತ್ತು ಮೊದಲಿಂದ ಕೊನೆಯವರೆಗೆ ಬರೆಯುತ್ತೇನೆ. ಜ್ವರ ಬಿಟ್ಟು, ಬೆನ್ನುಹುರಿ ಊದಿಕೊಂಡಿದೆ ಅಂತ ಡಾಕ್ಟರು ಹೇಳಿ, ನಿನ್ನನ್ನು ಆ ಊರಿನ ಆಸ್ಪತ್ರೆಗೆ ಸಾಗಿಸಿದ ಮೊದಲ ವಾರ. ಫೋನ್ ಮಾಡಿ ಅಂದೆಯಲ್ಲ, "ರೀ, ಸೊಂಟದಿಂದ ಕೆಳಗೆ ಐಸಿನಲ್ಲಿ ಹೂತಿಟ್ಟ ಹಾಗಿದೆ. ಇಷ್ಟು ವರ್ಷ ಊರವರ ಕೊಳೆ ತೊಳೆಯೋಕೆ ನೀರಲ್ಲಿ ಕೈ ಇಟ್ಟೆ, ಒಂದು ದಿನ ಬಿಸಿನೀರಲ್ಲಿ ಕುತ್ತಿಗೆವರೆಗೂ ಮುಳುಗಿ ಸುಮ್ಮನೆ ಕೂರಲಿಲ್ಲ ನೋಡಿ." ನೀನು ಅದನ್ನು ಸುಮ್ಮನೆ ಅಂದಿದ್ದಿರಬಹುದು. ನನಗೆ ಅದು ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ನಮ್ಮ ಬಚ್ಚಲಲ್ಲಿ ಒಂದು ಬಕೆಟ್ಟು ಇಟ್ಟರೆ ಇನ್ನೊಬ್ಬರು ನಿಲ್ಲುವುದಕ್ಕೆ ಜಾಗವಿಲ್ಲ. ಅದೇ ಸಮಯಕ್ಕೆ ನನ್ನ ಬಸ್ಸಿಗೆ ದಿನಾ ಹತ್ತುವ ಒಬ್ಬ ಅಜ್ಜಿ, ಮಂಡಿ ಹಿಡಿದುಕೊಂಡು ಹತ್ತುತ್ತಿದ್ದವರು, ಒಂದು ಬೆಳಿಗ್ಗೆ ಟಕಟಕ ಅಂತ ಹತ್ತಿದರು. ಏನಮ್ಮಾ ಅಂದರೆ, ಮಗಳ ಮನೆಯಲ್ಲಿ ಬಿಸಿನೀರಿನ ಟಬ್ ಹಾಕಿಸಿದ್ದಾರೆ, ಗುಳ್ಳೆ ಎದ್ದು ಮೈಯೆಲ್ಲ ಒತ್ತುತ್ತೆ, ದಿನಾ ಕೂರುತ್ತೇನೆ ಅಂದರು. ಮುಗಿಯಿತು. ನೀನು ಮನೆಗೆ ಬರುವ ಹೊತ್ತಿಗೆ ಟಬ್ ಇರಬೇಕು, ಅದರಲ್ಲಿ ಕೂತು ಕೂತು ನಿನ್ನ ಕಾಲಿನ ಆ ಐಸು ಕರಗಬೇಕು, ಎದ್ದು ನಡೆಯಬೇಕು. ನನ್ನ ತಲೆಯಲ್ಲಿ ಇದು ಹೀಗೇ ಸಾಲಾಗಿ ನಿಂತುಬಿಟ್ಟಿತು.

ಟಬ್ ಮಾರುವ ಅಂಗಡಿಯಲ್ಲಿ ಒಬ್ಬ ಮನುಷ್ಯ, ಅವನಿಗೆ ನಾನೂ ನಿಮ್ಮಮ್ಮನೂ ಗುಳ್ಳೆರಾಯ ಅಂತ ಹೆಸರಿಟ್ಟಿದ್ದೇವೆ. ಮಾತಾಡಲು ಶುರು ಮಾಡಿದರೆ ಗುಳ್ಳೆ ನಿಲ್ಲುವುದೇ ಇಲ್ಲ. ಗಾಳಿ ತುಂಬಿಸಿ ನಿಲ್ಲಿಸುವ ರಬ್ಬರಿನ ಟಬ್ ಮೊದಲು ತೋರಿಸಿದ. ಅಗ್ಗ, ಮಡಚಿ ಎತ್ತಿಡಬಹುದು ಅಂದ. ಅದರಲ್ಲಿ ಕೂರುವುದಕ್ಕೆ ಆಸನವೇ ಇಲ್ಲ, ನೆಲದಲ್ಲಿ ಕೂರಬೇಕು. ನಿನ್ನನ್ನು ಅಲ್ಲಿಂದ ಎತ್ತುವುದು ಹೇಗೆ? ಆಮೇಲೆ ಗಟ್ಟಿ ಟಬ್ಬುಗಳು. ಒಂದರಲ್ಲಿ ಮಲಗಿದ ಹಾಗೆ ಕಾಲು ಚಾಚುವ ಜಾಗ, ನೋಡಲು ರಾಣಿಯ ಮಂಚದ ಹಾಗಿತ್ತು. ನಾನು ಯೂನಿಫಾರ್ಮಿನಲ್ಲೇ ಖಾಲಿ ಟಬ್ಬಿಗೆ ಇಳಿದು ಮಲಗಿದೆ, ಪಕ್ಕದಲ್ಲಿದ್ದ ಗಂಡಹೆಂಡತಿ ನನ್ನನ್ನೂ ಮಾರಾಟಕ್ಕಿಟ್ಟಿದ್ದಾರೇನೋ ಅನ್ನುವ ಹಾಗೆ ನೋಡಿದರು. ಸುಮ್ಮನೆ ಕೂತರೆ ಗೊತ್ತಾಗುವುದಿಲ್ಲ, ನೀರು ತುಂಬಿದ ಟಬ್ಬಿನಲ್ಲಿ ಕೂತು ನೋಡಿ ಅಂತ ಗುಳ್ಳೆರಾಯನೇ ಹೇಳಿದ. ಮುಂದಿನ ರಜೆಗೆ ಚಡ್ಡಿ ತೆಗೆದುಕೊಂಡು ಹೋದೆ. ನಿಮ್ಮಮ್ಮ ಕುರ್ಚಿ ಹಾಕಿಕೊಂಡು, ನನ್ನ ಅಂಗಿ ಮಡಿಲಲ್ಲಿಟ್ಟುಕೊಂಡು, ಪರೀಕ್ಷೆಗೆ ಮೇಲ್ವಿಚಾರಣೆ ಮಾಡುವವರ ಹಾಗೆ ಕೂತರು. ಆ ರಾಣಿಮಂಚದಲ್ಲಿ ಗುಳ್ಳೆ ಬಿಟ್ಟ ತಕ್ಷಣ ನನ್ನ ಕಾಲು ತೇಲಿ ಮೇಲೆ ಬಂತು, ನಾನು ಜಾರಿ ಒಂದು ಗುಟುಕು ನೀರು ಕುಡಿದೆ. ಇಷ್ಟು ದಪ್ಪ ಇರುವ ನಾನೇ ತೇಲಿದೆ, ನೀನು ಎಲೆಯ ಹಾಗೆ ಹೋಗಿಬಿಡುತ್ತೀಯ. ಹಾಗಾಗಿ ಆಳವಾದ, ಬೆನ್ನು ಗಟ್ಟಿಯಾಗಿ ಹಿಡಿಯುವ ಆಸನ ಇರುವುದನ್ನೇ ಆರಿಸಿದೆ. ಅಂಚು ಅಗಲ ಇರಬೇಕು, ಗಾಲಿಕುರ್ಚಿಯಿಂದ ಮೊದಲು ಅಂಚಿಗೆ, ಅಂಚಿನಿಂದ ನನ್ನ ತೋಳಿಗೆ, ತೋಳಿನಿಂದ ನೀರಿಗೆ. ಮನಸ್ಸಿನಲ್ಲಿ ಎಷ್ಟು ಸಲ ನಿನ್ನನ್ನು ಇಳಿಸಿದ್ದೇನೋ ಲೆಕ್ಕವಿಲ್ಲ.

ಟಬ್ ಕೊಳ್ಳುವುದು ಸುಲಭ, ನೀರು ಸಾಕುವುದೇ ಕಷ್ಟ ಅಂತ ಆಮೇಲೆ ಗೊತ್ತಾಯಿತು. ಬಿಸಿನೀರು ನಿಂತರೆ ಕ್ರಿಮಿಗಳಿಗೆ ಮದುವೆಮನೆ. ಅದನ್ನು ದಿನಾ ನೋಡಿಕೊಳ್ಳಬೇಕು, ಹಸುಗೂಸಿನ ಹಾಗೆ. ಕ್ರಿಮಿ ಕೊಲ್ಲುವುದಕ್ಕೆ ಕ್ಲೋರಿನ್ನಾ, ಬ್ರೋಮಿನ್ನಾ, ಉಪ್ಪಿನ ಯಂತ್ರವಾ ಅಂತ ಗುಳ್ಳೆರಾಯ ಕೇಳಿದಾಗ ನಾನು ನಿನಗೆ ಫೋನ್ ಹಚ್ಚಿದೆ. ನೀರಿನ ವಿಷಯ ನಿನ್ನನ್ನು ಬಿಟ್ಟು ಯಾರಿಗೆ ಗೊತ್ತು? ನೀನು ಅಂದೆ, "ಕ್ಲೋರಿನ್ ಬೇಡ ರೀ, ಬ್ಲೀಚಿನ ವಾಸನೆ ಜೀವಮಾನಕ್ಕಾಗುವಷ್ಟು ಕುಡಿದಿದ್ದೀನಿ." ಉಪ್ಪಿನ ಯಂತ್ರ ಚರ್ಮಕ್ಕೆ ಹಿತವಂತೆ, ಆದರೆ ನಮ್ಮದು ಗಡಸು ನೀರು, ನಿನ್ನ ಇಸ್ತ್ರಿಪೆಟ್ಟಿಗೆಯ ಹೊಟ್ಟೆಯಲ್ಲೇ ಸುಣ್ಣ ಕಟ್ಟುವ ನೀರು, ಯಂತ್ರ ಬೇಗ ಕೆಡುತ್ತೆ ಅಂತ ನೀನೇ ಬೇಡ ಅಂದೆ. ಕೊನೆಗೆ ಬ್ರೋಮಿನ್ ಗುಳಿಗೆ. ತೇಲುವ ಒಂದು ಡಬ್ಬಿಯಲ್ಲಿ ಹಾಕಿಟ್ಟರೆ ನಿಧಾನ ಕರಗುತ್ತೆ, ಬಿಸಿಯಲ್ಲೂ ಕೆಲಸ ಮಾಡುತ್ತೆ, ವಾಸನೆ ಕಡಿಮೆ. ನೀರು ಒಳಗೆ ಹೋಗುವಾಗಲೇ ಸುಣ್ಣ ತಡೆಯುವುದಕ್ಕೆ ಕೊಳವೆಗೊಂದು ಸೋಸುವ ಡಬ್ಬ. ಬಣ್ಣವನ್ನೂ ನೀನೇ ಆರಿಸಿದೆ. ಬೂದಿ ಬೇಡ, ಬಿಳಿ ಬೇಡ, ಆ ತಿಳಿಹಸಿರು ಇದ್ದರೆ ನೋಡಿ ಅಂದೆ. ನಗುತ್ತಲೇ ಅಂದೆ. ಆ ನಗು ಕೇಳಿ ನಾನು ಅವತ್ತಿಡೀ ಹಾರ್ನ್ ಹೊಡೆಯದೆ ಬಸ್ಸು ಓಡಿಸಿದೆ.

ಟಬ್ ಬಂದ ದಿನ ಬೀದಿಯವರೆಲ್ಲ ನೋಡಿದರು. ಹಿತ್ತಿಲ ಬಾಗಿಲಲ್ಲಿ ಹಿಡಿಸಲಿಲ್ಲ, ಗೋಡೆಯ ಒಂದು ಭಾಗ ಕೆಡವಬೇಕಾಯಿತು. ನೀನು ಬಟ್ಟೆ ಒಣಗಿಸುತ್ತಿದ್ದ ಕಂಬಗಳನ್ನು ತೆಗೆಸಿದೆ, ಬೈಬೇಡ. ನೀರು ತುಂಬಿಸಿ, ಬಿಸಿಯಾಗಲು ಬಿಟ್ಟು, ಮಾರನೇ ದಿನ ಮುಚ್ಚಳ ಎತ್ತಿದರೆ ಹಬೆ ಮುಖಕ್ಕೆ ಬಡಿಯಿತು. ನೀರಿನ ಹದ ತೋರಿಸುವ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಿದೆ, ಎಲ್ಲ ಸರಿ. ಮೊದಲು ನಾನೇ ಇಳಿದೆ. ಗುಳ್ಳೆ ಬಿಟ್ಟದ್ದೇ ತಡ, ಹಾಲು ಉಕ್ಕಿದ ಹಾಗೆ ನೊರೆ ಉಕ್ಕಿ ಹೊರಗೆ ಹರಿಯಿತು. ಗಾಬರಿಯಾಗಿ ಗುಳ್ಳೆರಾಯನಿಗೆ ಫೋನ್ ಮಾಡಿದರೆ ಅವನು, ನಿಮ್ಮ ಚಡ್ಡಿಯಲ್ಲಿ ಸೋಪು ಉಳಿದಿದೆ ಸಾರ್, ಸರಿಯಾಗಿ ಜಾಲಿಸಿಲ್ಲ ಅಂದ. ಲಾಂಡ್ರಿಯವಳ ಗಂಡನಿಗೆ ಈ ಮಾತು! ನಿಮ್ಮಮ್ಮ ಒಗೆದದ್ದು ಅಂತ ನಾನು ಹೇಳಲಿಲ್ಲ, ಮನೆಯ ಮಾನ ಹೋಗಲಿ, ಅತ್ತೆಯ ಮಾನ ಉಳಿಯಲಿ ಅಂತ. ಆ ನೀರು ತಿಳಿಯಾಗುವವರೆಗೆ ನಾನು ಪಟ್ಟ ಪಾಡು ನಿನಗೆ ಗೊತ್ತಿಲ್ಲ. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಪಟ್ಟಿ ಅದ್ದುವುದು, ಬಂದ ಮೇಲೆ ಅದ್ದುವುದು, ಟಬ್ಬಿನ ನೀರು ಸೋಸುವ ಜಾಲರಿ ತೊಳೆಯುವುದು. ಕೊನೆಗೆ ತಳದಲ್ಲಿ ಒಂದು ಗುಂಡುಸೂಜಿ ಬಿದ್ದರೂ ಕಾಣುವಷ್ಟು ತಿಳಿಯಾಯಿತು. ನಿಮ್ಮಮ್ಮ, ಈ ವಯಸ್ಸಿಗೆ ನನಗೆ ಯಾಕೆ ಈ ಶೋಕಿ ಅನ್ನುತ್ತಲೇ ಅಂಚಿನಲ್ಲಿ ಕೂತು ಪಾದ ಇಳಿಬಿಟ್ಟರು. ಕಾಲ್ಬೆರಳು ಬಿಚ್ಚಿ ಮಡಚಿ ನೋಡಿದರು. ಆಮೇಲೆ, "ಅವಳು ಇದರಲ್ಲಿ ಕೂತರೆ ಖಂಡಿತ ಎದ್ದೇಳ್ತಾಳೆ ಕಣಪ್ಪ" ಅಂದರು. ಇಬ್ಬರೂ ನಂಬಿದೆವು.

ಮೊನ್ನೆ ಬುಧವಾರ ರಜೆ ಹಾಕಿ ನಿನ್ನ ಆಸ್ಪತ್ರೆಗೆ ಬಂದಿದ್ದೆ. ನಿನಗೆ ಹೇಳಿರಲಿಲ್ಲ. ನೀರು ಎಷ್ಟು ಬಿಸಿ ಇಡಬೇಕು, ಎಷ್ಟು ಹೊತ್ತು ಕೂರಿಸಬೇಕು ಅಂತ ಡಾಕ್ಟರಮ್ಮನನ್ನು ಮೊದಲು ಕೇಳಿಕೊಂಡು, ಆಮೇಲೆ ನಿನ್ನ ಮುಂದೆ ಬಂದು ನಿಲ್ಲೋಣ ಅಂತ. ಟಬ್ಬಿನ ಚಿತ್ರವನ್ನು ಅವರ ಮೇಜಿನ ಮೇಲಿಟ್ಟೆ. ಅವರು ಅದನ್ನು ತುಂಬ ಹೊತ್ತು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಬೇಡ ಅಂದರು. ಚರ್ಮಕ್ಕೆ ಬಿಸಿ ತಿಳಿಯದವರನ್ನು ಬಿಸಿನೀರಲ್ಲಿ ಕೂರಿಸಿದರೆ ಬೆಂದರೂ ಅವರಿಗೆ ಗೊತ್ತಾಗುವುದಿಲ್ಲ, ರಕ್ತದ ಒತ್ತಡವೂ ಕುಸಿಯಬಹುದು, ಬೇಡ. ಈಗ ಬೇಡ, ಆಮೇಲೆ? ಅಂದೆ. ಅದಕ್ಕೆ ಅವರು ಹೇಳಿದ ಉತ್ತರವನ್ನು ಬರೆಯಲು ಎರಡು ಸಲ ಪೆನ್ನು ಎತ್ತಿದೆ, ಆಗಲಿಲ್ಲ. ನೀರಿನ ಬಗ್ಗೆ ಲೋಕದಲ್ಲಿರುವ ಪ್ರಶ್ನೆಯನ್ನೆಲ್ಲ ಕೇಳಿದವನು, ಕೇಳಬೇಕಾದ ಒಂದನ್ನು ಯಾರನ್ನೂ ಕೇಳಿರಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ನಿನ್ನನ್ನು ನೋಡದೆ ಹೊರಟೆ.

ಮನೆಗೆ ಬಂದವನೇ ಹೀಟರ್ ಆರಿಸಿ ತಳದ ನಲ್ಲಿ ತಿರುಗಿಸಿದೆ. ನಿಮ್ಮಮ್ಮ ಬಂದು ಪಕ್ಕದಲ್ಲಿ ನಿಂತರು. ನನ್ನ ಮುಖದಲ್ಲೇ ಓದಿಕೊಂಡಿರಬೇಕು. ನೀರು ಹೋಗುವುದಕ್ಕೆ ಬಹಳ ಹೊತ್ತು ಹಿಡಿಯುತ್ತೆ ಕಣೆ. ಅಷ್ಟು ತಿಳಿನೀರು ಹಬೆಯಾಡುತ್ತ ಹಿತ್ತಿಲ ಚರಂಡಿಯಲ್ಲಿ ಹರಿದು ಹೋಗುತ್ತಲೇ ಇತ್ತು, ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ನೋಡುತ್ತಲೇ ಇದ್ದೆವು. ಕೊನೆಗೆ ಆ ಗುಳಿಗೆಯ ಡಬ್ಬಿ ತಳಕ್ಕೆ ತಾಗಿ ಪಕ್ಕಕ್ಕೆ ವಾಲಿತು. ನಿಮ್ಮಮ್ಮ ಒಳಗೆ ಹೋಗಿ ಮಲಗಿದವರು ನಿನ್ನೆ ಮಧ್ಯಾಹ್ನದವರೆಗೆ ಏಳಲಿಲ್ಲ. ಗುಳ್ಳೆರಾಯನಿಗೆ ಫೋನ್ ಮಾಡಿದೆ, ಒಮ್ಮೆ ನೀರು ತುಂಬಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಸಾರ್ ಅಂದ, ಪಾಪ, ಅವನ ದನಿಯೂ ಇಳಿದಿತ್ತು. ಇರಲಿ. ಮುಚ್ಚಳ ಹಾಕಿಟ್ಟಿದ್ದೇನೆ. ಅದರ ಮುಂದೆ ಹಾದು ಹೋಗಬೇಕಾಗುತ್ತೆ ಅಂತ ಹಿತ್ತಿಲಿಗೇ ಹೋಗುತ್ತಿಲ್ಲ. ಕೈಗೆ ಕೆಲಸವಿಲ್ಲ. ಬೆಳಿಗ್ಗೆ ಎದ್ದರೆ ಅದ್ದುವುದಕ್ಕೆ ಪಟ್ಟಿಯಿಲ್ಲ, ನೋಡುವುದಕ್ಕೆ ಬಣ್ಣವಿಲ್ಲ. ಇಷ್ಟು ದಿನ ನಾನು ನೀರನ್ನಲ್ಲ, ನನ್ನನ್ನೇ ಕಾಯಿಸಿಕೊಂಡು ಕೂತಿದ್ದೆ ಅಂತ ಈಗ ಅನ್ನಿಸುತ್ತೆ.

ಸಾಕು, ಕೈ ನೋಯುತ್ತಿದೆ. ವೇಳೆಗೆ ಸರಿಯಾಗಿ ಉಣ್ಣು, ಭುಜಕ್ಕೆ ಎಣ್ಣೆ ತಿಕ್ಕಿಸಿಕೋ. ಟೀಚರಮ್ಮನಿಗೆ ನನ್ನ ನಮಸ್ಕಾರ ಹೇಳು. ನಿಮ್ಮಮ್ಮ ತಲೆ ಸವರಿ ಕಳಿಸಿದ್ದೇನೆ ಅಂತ ಬರೆಯಲು ಹೇಳಿದ್ದಾರೆ, ಸವರಿಸಿಕೋ.

ನಿನ್ನ
ಡ್ರೈವರ್ ಸಾಹೇಬ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಕಿತ್ತೆ. ಬಸ್ಸಿಗೆ ಹೊತ್ತಾಯಿತು ಅಂತ ಬರೆದದ್ದು ಸುಳ್ಳು. ಡಾಕ್ಟರಮ್ಮ, ಕಾಲಿಗೆ ಇನ್ನು ಸ್ಪರ್ಶ ಬರುವುದಿಲ್ಲ, ನಡೆಯುವುದೂ ಆಗುವುದಿಲ್ಲ, ಇದನ್ನು ನಿಮ್ಮ ಹೆಂಡತಿಗೆ ಹೇಳಿ ಬಹಳ ದಿನವಾಯಿತಲ್ಲ, ನಿಮಗೆ ತಿಳಿಸಬೇಡಿ ಅಂತ ಅವರೇ ಬೇಡಿಕೊಂಡರು ಅಂದರು. ನೀನು ತಿಳಿಹಸಿರು ಆರಿಸಿದ್ದು ಅದಾದ ಮೇಲೆ. ಅಲ್ಲಿಂದ ನೇರ ನಿನ್ನ ವಾರ್ಡಿಗೆ ಬಂದೆ. ನೀನು ಬಾಗಿಲಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತಿದ್ದೆ. ಟೀಚರಮ್ಮ, ಇನ್ನೂ ಯಾಕಮ್ಮ ನಿಮ್ಮ ಯಜಮಾನರಿಗೆ ಹೇಳಿಲ್ಲ ಅಂತ ಕೇಳಿದರು. ನೀನು ಅಂದೆ, "ಟಬ್ಬಿನ ಹಿಂದೆ ಓಡಾಡ್ತಾ ಇರೋಷ್ಟು ದಿನ ಅವರು ಅಳಲ್ಲ ಮೇಡಂ. ಓಡಾಡಲಿ ಬಿಡಿ." ನಾನು ಅಲ್ಲಿಂದಲೇ ತಿರುಗಿದೆ. ನಿನಗೆ ನೀನೇ ಅಳಲು ಪುರಸೊತ್ತು ಕೊಡದೆ ನನ್ನನ್ನು ನಗಿಸುತ್ತ ಕೂತಿದ್ದೆಯಲ್ಲೇ. ಸಾಕು ಮಾಡು. ಭಾನುವಾರ ಬರುತ್ತೇನೆ. ನೀನು ಏನೂ ಹೇಳಬೇಡ, ನಾನೂ ಏನೂ ಕೇಳುವುದಿಲ್ಲ. ಇಬ್ಬರೂ ಕೂತು ಅತ್ತುಬಿಡೋಣ. ಆಮೇಲೆ ಮನೆಗೆ ಕರೆದುಕೊಂಡು ಹೋಗುತ್ತೇನೆ, ನೀನು ಹೇಗಿದ್ದೀಯೋ ಹಾಗೇ.