ಆ ಕಾರಿನ ಕಾಗದಕ್ಕೆ ಸಹಿ ಬೇಡ

ರೀ,

ನೀವು ಹಾಲು ತರುವಷ್ಟರಲ್ಲಿ ಘೋಟಿಯ ಬಸ್ಸು ತಪ್ಪುತ್ತದೆ, ಅದಕ್ಕೇ ಬರೆದಿಟ್ಟು ಹೊರಟೆ. ಹತ್ತಕ್ಕೆ ದಲಾಲ ಆ ಹಳೆಯ ಕಾರು ತರುತ್ತಾನೆ. ಕೀಲಿಕೈ ಇಸಿದುಕೊಳ್ಳಬೇಡಿ. "ಗಾಡಿಯನ್ನು ಪೂರ್ತಿ ನೋಡಿ ಒಪ್ಪಿದ್ದೇನೆ" ಎಂಬ ಕಾಗದಕ್ಕಂತೂ ಸಹಿ ಹಾಕಲೇಬೇಡಿ.

ಬಾನೆಟ್ಟಿನ ಕೆಳಗೆ ಉದ್ದಕ್ಕೂ ಬೆಸುಗೆ ಇದೆ ಎಂದಾಗ ನನ್ನನ್ನು ಸಂಶಯದವಳು ಎಂದಿರಿ. ನಿನ್ನೆ ಆರ್‌ಸಿ ಪುಸ್ತಕದ ವಿಳಾಸ ಹಿಡಿದು ಘೋಟಿಗೆ ಹೋಗಿದ್ದೆ. ಹಳೆಯ ಮಾಲಕ ಖಂಡಪ್ಪ ನಮ್ಮ ವಿಜಾಪುರದ ಕಡೆಯ ಗುತ್ತಿಗೆದಾರರು, ಘೋಟಿಯಲ್ಲಿ ನೆಲೆಸಿದ್ದರು. ಅಲ್ಲೇ ಹತ್ತಿರದ ಕಸಾರಾ ಘಾಟಿನಲ್ಲಿ ಲಾರಿಗೆ ಬಡಿದು ಅದೇ ಕಾರಿನಲ್ಲಿ ತೀರಿಕೊಂಡರಂತೆ. ಅವರ ಹೆಂಡತಿ ಗುಂಡವ್ವ, "ಮುಂದಿನ ಭಾಗ ಉಳದೇ ಇರ್ಲಿಲ್ರೀ, ಗುಜರಿಗೆ ಹಾಕಿದ್ವಿ" ಎಂದರು.

ಸಂಜೆ ವಕೀಲ ಅರವಿಂದರನ್ನು ಕೇಳಿದೆ. ಇಂಥದ್ದನ್ನು ಮುಚ್ಚಿಟ್ಟು ಮಾರಿದರೆ ಹೊಸ ಗ್ರಾಹಕ ಕಾನೂನು ನಮ್ಮ ಕಡೆಗಿದೆ, ಆದರೆ ಆ ಸಹಿ ಬಿದ್ದರೆ ವಾದ ಕಷ್ಟ ಎಂದರು. ನೀವೇ ಮೆಚ್ಚಿ ಕರೆತಂದ ದಲಾಲ, ಅವನ ಮಾತಿಗೆ ಕರಗಿಬಿಡುತ್ತೀರಿ ಎಂಬ ಭಯ ನನಗೆ. ಒಂದು ಸುತ್ತು ಹೋಗೋಣ ಎಂದರೂ ಹತ್ತಬೇಡಿ. ವಸುಧಾಳನ್ನು ಶಾಲೆಗೆ ನಡೆಸಿಕೊಂಡೇ ಬಿಟ್ಟು ಬನ್ನಿ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ಇಬ್ಬರೂ ತಿನ್ನಿ.

ನಿನ್ನೆ ನಾನು ಹೊರಡಲು ಏಳುವಾಗ ಗುಂಡವ್ವ, "ಈಗ ಯಾವ ಬಣ್ಣ ಹಚ್ಯಾರ್ರೀ?" ಎಂದು ಕೇಳಿದರು. ಬಿಳಿ ಎಂದೆ. "ನಮ್ದು ಹಸರಿತ್ತು" ಎಂದರು. ಆಮೇಲೆ ತಾವೇ ಹೇಳಿದರು: "ನಾಳೆ ಎಲ್ಲಾ ಬರದು ತರ್ರಿ ಬಾಯಾರ. ಹೆಬ್ಬಟ್ಟು ಒತ್ತತೀನಿ."

ನೀರಜಾ