ಊಟಿಯ ಲೆಟಿಸ್, ನಮ್ಮ ಆಡು

ರಾಫೆಲ್,

ನಾನು ಮಾಂಸ ತರಲು ಕಂಕನಾಡಿಗೆ ಹೋಗಿದ್ದೇನೆ. ಸಂಜೆ ನೆಲ್ಲಿಯ ಅಪ್ಪ ನಿಮ್ಮಿಬ್ಬರ ಮದುವೆ ಮಾತಿಗೆ ಬರುವಾಗ ಒಗೆದ ಅಂಗಿ ಹಾಕಿಕೊಂಡಿರು.

ನೀನು ಕೆಲಸ ಮಾಡುವ ಬಂಗ್ಲೆಯ ದೊರೆಸಾನಿ ಊಟಿಯಿಂದ ತರಿಸಿ ಕೊಟ್ಟ, ಎಲೆಕೋಸಿನಂಥ ಎರಡು ಐಸ್‌ಬರ್ಗ್ ಲೆಟಿಸಿನಲ್ಲಿ ಒಂದನ್ನು ನಿನ್ನೆ ಒಣ ಸಿಗಡಿ ಹಾಕಿ ಬೇಯಿಸಿದೆ. ಸೊಪ್ಪು ಅಂದ ಮೇಲೆ ಹಾಗೇ ಅಲ್ಲವಾ ಮಾಡುವುದು ಮಾರಾಯ? ಇಡೀ ಉಂಡೆ ಕರಗಿ ಒಂದು ಸೌಟು ನೀರಾಯಿತು. ಅಷ್ಟಕ್ಕೇ ನೀನು, "ಅಕ್ಕಾ, ಅದನ್ನು ಹಸಿಯೇ ತಿನ್ನುವುದು, ನಿನಗೆಂತ ಗೊತ್ತುಂಟು!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಹಸಿ ಎಲೆ ತಿನ್ನುವುದು ಆಡು ಮಾತ್ರ ಎಂದು ನಾನೂ ಬಿಡಲಿಲ್ಲ.

ಇನ್ನೊಂದು ಉಂಡೆ ಒದ್ದೆ ಬಟ್ಟೆಯಲ್ಲಿ ಸುತ್ತಿ ನೀರಿನ ಹೂಜಿಯ ಪಕ್ಕ ಉಂಟು. ಅರ್ಧವೇ ಉಂಟು. ಮುಳ್ಳುಸೌತೆ, ನೀರುಳ್ಳಿ ಜಾಸ್ತಿ ಹೆಚ್ಚಿ ಹಾಕು, ಸಲಾಡಿನ ಬಟ್ಟಲು ತುಂಬುತ್ತದೆ. ಹುಳಿ ಬರಿಸಿದ ಕಳ್ಳಿನ ಶಿರ್ಕಾ ನಾಲ್ಕು ಹನಿ ಸಾಕು, ಅದೂ ಕೊನೆಗೆ. ಎಲೆ ಕುರುಂ ಕುರುಂ ಎನ್ನುವಾಗಲೇ ರುಚಿ.

ಬಂದವನೇ ಮಿಕ್ಕ ಅರ್ಧ ಎಲ್ಲಿ ಎಂದು ಆಡಿಗೆ ಹೊಡೆಯಬೇಡ. ಬೆಳಗಿನಿಂದ ಅದರ ಹಗ್ಗ ಬಿಚ್ಚಿಲ್ಲ. ಮತ್ತೆ, ಉಪ್ಪು ಶಿರ್ಕಾ ಕಲಸಿಕೊಂಡು ತಿನ್ನಲು ಅದಕ್ಕೆಲ್ಲಿ ಬರುತ್ತದೆ?

ಅಕ್ಕ ಡುಲ್ಸಿನ್