ಹದಿನೇಳನೆಯ ಕೋಣೆಯ ಮಡಕೆಚೂರು

ಪಂಜಕೆಂತ್,
ಅಕ್ಟೋಬರ್ ೧೪, ೨೦೦೬

ಮಹಾ ವಿದ್ವಾಂಸರಾದ ಹಿಕ್ಮತುಲ್ಲೊ ಅವರಿಗೆ,

ನೀವು ಮನೆ ಬಿಟ್ಟು ಹೋದ ಒಂಬತ್ತು ವರ್ಷಕ್ಕೆ ನಿಮ್ಮ ಮೊದಲ ಕಾಗದ ಬಂತು. ನೀವು ನನ್ನ ಕ್ಷೇಮ ಕೇಳಿಲ್ಲ, ನಾನೂ ಕೇಳುವುದಿಲ್ಲ. ಕಾಗದ ತಂದ ನಿಮ್ಮ ತಮ್ಮನಿಗೆ ಬಟ್ಟಲು ತುಳುಕುವಷ್ಟು ಚಹಾ ಕೊಟ್ಟೆ. ಬೇಗ ಎದ್ದು ಹೋಗಲಿ ಅನ್ನಿಸುವವರಿಗೇ ಹಾಗೆ ಕೊಡುವುದು ಎಂದು ಅವರಿಗೂ ಗೊತ್ತು. ನಾಲಿಗೆ ಸುಟ್ಟುಕೊಂಡು ಕುಡಿದು ಹೊರಟರು.

ನಿಮಗೆ ಬೇಕಾದದ್ದು ಒಂದೇ ಸಾಲು: ಹದಿನೇಳನೆಯ ಕೋಣೆಯ ಚೂರಿಗೆ ತಪ್ಪು ಚೀಟಿ ಬರೆದವಳು ನಾನು, ಗಂಡನಿಗೆ ಏನೂ ಗೊತ್ತಿರಲಿಲ್ಲ ಎಂದು. ಕೆಳಗೆ ನನ್ನ ಸಹಿ. ಎಷ್ಟು ಸಲೀಸು!

೧೯೮೩ರ ಬೇಸಿಗೆಯ ಆ ಉತ್ಖನನ ನನಗೆ ನೆನಪಿದೆ. ಶಾಯಿಯ ಅಕ್ಷರಗಳಿದ್ದ ಆ ಚೂರಿನ ಮಣ್ಣನ್ನು ಕುಂಚದಿಂದ ಕೊಡವಿದವಳು ನಾನೇ. ಅದು ಸಿಕ್ಕಿದ್ದು ಆ ಕೋಣೆಯ ಮೇಲಿನ ನೆಲದಲ್ಲಿ, ಅದರಡಿಯ ಹಳೆಯ ನೆಲದಲ್ಲಲ್ಲ. ಸಂಜೆ ಡಬ್ಬಿಯ ಮೇಲೆ ಅಂಟಿಸುವ ಚೀಟಿಗೆ ನೀವು "ಕೆಳಗಿನ ನೆಲ ಅಂತ ಬರಿ" ಅಂದಿರಿ. "ಅಲ್ಲಾರೀ, ಇದು ಮೇಲಿಂದು" ಅಂದೆ. "ಇನ್ನೂರು ವರ್ಷ ಹಳೇದಾದ್ರೆ ನಿನ್ನ ಗಂಟೇನು ಹೋಗುತ್ತೆ? ಸುಮ್ನೆ ಬರಿಯೇ" ಅಂದಿರಿ. ಬರೆದೆ.

ಆ ಚೀಟಿಯಿಂದ ನಿಮಗೆ ಡಾಕ್ಟರೇಟ್ ಬಂತು, ವಿಭಾಗದ ಕುರ್ಚಿ ಬಂತು. ಅರವತ್ತಕ್ಕೆ ಜರಿಯ ನಿಲುವಂಗಿ ಹೊದಿಸಿದರಂತೆ. ಡಾಕ್ಟರೇಟ್ ಬಂದ ದಿನ ಇಡೀ ಬೀದಿಗೆ ಪಲಾವ್ ಹಂಚಿದವಳು ನಾನು. ಸುಳ್ಳೆಂದು ಗೊತ್ತಿದ್ದೂ ಹೆಮ್ಮೆಪಟ್ಟೆ. ಅದನ್ನು ನೆನೆದರೆ ನಿಮಗಿಂತ ನನ್ನ ಮೇಲೇ ಹೆಚ್ಚು ಅಸಹ್ಯವಾಗುತ್ತದೆ.

ಈಗ ನಿಮ್ಮದೇ ವಿದ್ಯಾರ್ಥಿನಿ ಮಾಹ್ವಶ್, ಅಕ್ಷರಗಳ ತಿರುವು ನೋಡಿ, ಚೂರು ಅಷ್ಟು ಹಳೆಯದಲ್ಲ ಎಂದು ಬರೆದಿದ್ದಾಳೆ. ಮೂರು ವರ್ಷ ಅವಳ ಪ್ರಬಂಧಕ್ಕೆ ಸಹಿ ಹಾಕದೆ ಸತಾಯಿಸಿದಿರಿ. "ಹೋಗಮ್ಮ, ಮದುವೆ ಮಾಡ್ಕೋ" ಅಂದಿರಂತೆ. ಈಗ ಸಮಿತಿ ಕೂತು ವಿಚಾರಿಸುವಾಗ ಹೆಂಡತಿ ನೆನಪಾದಳು.

ನಾನು ಸಹಿ ಹಾಕುವುದಿಲ್ಲ. ಇಪ್ಪತ್ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದು ನನ್ನ ತಪ್ಪು. ಅದನ್ನು ಸಮಿತಿಯ ಮುಂದೆ ಹೇಳುತ್ತೇನೆ, ನಿಮ್ಮ ತಪ್ಪನ್ನು ಮಾತ್ರ ಹೊರುವುದಿಲ್ಲ.

ಇಂತಿ,
ಒಂದು ಕಾಲದಲ್ಲಿ ನಿಮ್ಮ ಚೀಟಿಗಳನ್ನು ಬರೆದ
ಸಬೋಹತ್

ಮರೆತಿದ್ದೆ: ಪ್ರತಿ ಡಬ್ಬಿಗೂ ಎರಡು ಚೀಟಿ ಇರುತ್ತಿದ್ದವಲ್ಲ, ಹೊರಗೊಂದು, ಒಳಗೊಂದು? ಒಳಗಿನದನ್ನು ಚೂರು ಸಿಕ್ಕ ಕೂಡಲೇ ಅಗೆದ ಗುಂಡಿಯಲ್ಲೇ ಕೂತು ಬರೆದಿದ್ದೆ: "ಮೇಲಿನ ನೆಲ". ಆಮೇಲೆ ಅದನ್ನು ಡಬ್ಬಿಯಿಂದ ತೆಗೆದಿಟ್ಟುಕೊಂಡಿದ್ದೆ. ಪಲಾವಿನ ಪರಿಮಳ ಬಂದರೆ ಸಾಕು, ಇಡೀ ದಿನದ ಚೀಟಿಗಳಿಗೆ ಓದದೆ ಸಹಿ ಗೀಚಿ ಊಟಕ್ಕೆ ಓಡುತ್ತಿದ್ದಿರಿ. ಅದರ ಮೇಲೂ ನಿಮ್ಮ ಸಹಿ ಇದೆ. ಮೊನ್ನೆ ಮಾಹ್ವಶ್ ಬಂದಿದ್ದಳು. ಅವಳಿಗೆ ಅರ್ಧರ್ಧ ಬಟ್ಟಲು ಚಹಾ ಐದು ಸಲ ಬಗ್ಗಿಸಿದೆ. ಹೊರಡುವಾಗ ಆ ಚೀಟಿ ಅವಳ ಚೀಲದಲ್ಲಿತ್ತು.